ಮೈಸೂರಲ್ಲಿ ಟಿಕೆಟ್ ಇಲ್ಲದ ಜಾಗಗಳು: ಕೆರೆ, ಅರಮನೆ ದೀಪ, ಬೆಟ್ಟದ ಮೆಟ್ಟಿಲು

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಕುಕ್ಕರಹಳ್ಳಿ ಕೆರೆಗೆ. ದಾವಣಗೆರೆಯಿಂದ ಹೋಗಿದ್ದು ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಝೂ ನೋಡಿ ಬರೋ ಹೊತ್ತಿಗೆ ಟಿಕೆಟ್‌ಗೆ ಅಂತ ಎತ್ತಿಟ್ಟಿದ್ದ ದುಡ್ಡು ಮುಗಿದಿತ್ತು. ಉಳಿದ ಸುತ್ತಾಟವೆಲ್ಲ ಟಿಕೆಟ್ ಇಲ್ಲದ ಕಡೆಗೇ. ಆದರೆ ಟಿಕೆಟ್ ಇಲ್ಲ ಅಂದಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ, ಅಲ್ವಾ? ನಾನು ನೋಡಿದ್ದು ಎರಡೇ: ವಾಪಸ್ ಬರೋವಾಗ ಜೇಬಲ್ಲಿ ಎಷ್ಟು ಉಳಿದಿದೆ, ಅಮ್ಮನ ಮಂಡಿ ಏನು ಹೇಳುತ್ತಿದೆ.

ಎಲ್ಲರೂ ಮೊದಲು ಹೇಳೋದು ಅರಮನೆಯ ದೀಪ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ ಹಾಕುತ್ತಾರೆ, ಸುಮಾರು ಮುಕ್ಕಾಲು ಗಂಟೆ ಇರುತ್ತೆ, ಆವರಣಕ್ಕೆ ಸುಮ್ನೆ ಬಿಡುತ್ತಾರೆ. ಕತ್ತಲಲ್ಲಿ ನಿಂತಿರುತ್ತೀವಿ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತಿಕೊಳ್ಳುತ್ತವೆ, ಜನ ಎಲ್ಲ 'ಓ' ಅಂತಾರೆ. ಅದಕ್ಕೆ ಎದುರು ಮಾತಿಲ್ಲ. ನನ್ನ ಮಗ ಮಾತ್ರ 'ಇಷ್ಟು ಬಲ್ಬು ಹಾಕಿದರೆ ಬೆಂಕಿ ಹತ್ತಿಕೊಳ್ಳಲ್ವಾ ಅಪ್ಪ?' ಅಂದ. ಹಳೇ ಮರದ ಅರಮನೆ 1897ರಲ್ಲಿ ರಾಜಮನೆತನದ ಮದುವೆಯ ಸಮಯದಲ್ಲಿ ನಿಜವಾಗಿಯೂ ಸುಟ್ಟುಹೋಗಿತ್ತು, ಈಗ ಇರೋದು 1912ರಲ್ಲಿ ಕಟ್ಟಿ ಮುಗಿಸಿದ್ದು ಅಂತ ಹೇಳಿದೆ. ಆಮೇಲೆ ಅವನು ಒಂದು ಹೆಜ್ಜೆ ಹಿಂದೆಯೇ ನಿಂತ.

ತಕರಾರು ಇರೋದು ಹೊರಗೆ. ಗೇಟಿನಿಂದ ಈಚೆ ಬಂದ ತಕ್ಷಣ ಆಟದ ಸಾಮಾನು ಮಾರೋರು ಸುತ್ತ ಮುತ್ತಿಕೊಳ್ಳುತ್ತಾರೆ. ಬುರುಗಿನ ಗುಳ್ಳೆ ಊದೋದು, ಮರದ ಕೊಳಲು, ಮಿಣಮಿಣ ಅನ್ನೋ ಕೊಂಬು. ಎಲ್ಲಕ್ಕಿಂತ ಕಾಟ ಅಂದರೆ ರಬ್ಬರ್ ಬ್ಯಾಂಡಿನಿಂದ ಮೇಲೆ ಚಿಮ್ಮಿಸೋ ನೀಲಿ ಲೈಟು. ಅದನ್ನು ಮಾರೋನು ನಿಮ್ಮ ಹತ್ತಿರ ಮಾತೇ ಆಡಲ್ಲ. ಸೀದಾ ಮಗುವಿನ ಮುಂದೆ ನಿಂತು ಆಕಾಶಕ್ಕೆ ಹೊಡೆಯುತ್ತಾನೆ. ಅದು ತಿರುಗುತ್ತಾ ತಿರುಗುತ್ತಾ ಕೆಳಗೆ ಬರುತ್ತೆ, ಅವನು ಒಂದೇ ಕೈಯಲ್ಲಿ ಹಿಡಿಯುತ್ತಾನೆ, ಅಷ್ಟೇ, ವ್ಯಾಪಾರ ಮುಗೀತು. ನೂರು ಅಂದ, ಐವತ್ತಕ್ಕೆ ಇಳಿದ. ನಾನು ಚೌಕಾಸಿ ಗೆದ್ದೆ ಅಂತ ಬೀಗುತ್ತಿದ್ದರೆ ಮಗಳು 'ನನಗೆ?' ಅಂದಳು. ಇನ್ನೊಂದು ಐವತ್ತು.

ಮಗ ಹೊಡೆದ ಮೂರನೇ ಸಲಕ್ಕೇ ಅವನ ಲೈಟು ಮರದ ಮೇಲೆ ಹೋಗಿ ಕೂತಿತು. ಕೊಂಬೆ ನಡುವೆ ನೀಲಿಯಾಗಿ ಮಿಣುಕುತ್ತಿದೆ, ಕೆಳಗೆ ಇವನು ಅಳುತ್ತಿದ್ದಾನೆ. ಅಣ್ಣ ಅಳುತ್ತಿದ್ದಾನೆ ಅಂತ ಮಗಳು ತನ್ನದನ್ನು ಕೊಡುತ್ತಾಳಾ? ಇಲ್ಲ. ಅವನನ್ನು ಸಮಾಧಾನ ಮಾಡೋಕೆ ಹತ್ತಿಮಿಠಾಯಿ, ಅದನ್ನು ನೋಡಿ ಅವಳಿಗೂ ಹತ್ತಿಮಿಠಾಯಿ. ಅಷ್ಟರಲ್ಲಿ ದೀಪ ಆರಿತ್ತು. ಒಳಗಿದ್ದ ಜನವೆಲ್ಲ ಒಂದೇ ಸಲ ರಸ್ತೆಗೆ ಬಂದರು. ಆಟೋದವರು ಮೀಟರ್ ಕಡೆ ನೋಡಲೂ ಇಲ್ಲ. ಲಾಡ್ಜ್ ಸೇರಿ ಲೆಕ್ಕ ಹಾಕಿದರೆ ಆ ಸಂಜೆಯ ಖರ್ಚಲ್ಲಿ ಮಾರನೇ ದಿನ ಐದೂ ಜನಕ್ಕೆ ತಿಂಡಿ ಆಗುತ್ತಿತ್ತು. ಅಮ್ಮ ಮಾತ್ರ 'ಬಿಟ್ಟಿ ನೋಡೋಕೆ ಬಂದಿದ್ದಾ ನಾವು?' ಅಂತ ನಕ್ಕರು.

ಬೆಟ್ಟ ಖರ್ಚಿನಲ್ಲಿ ಪರವಾಗಿಲ್ಲ. ಸಿಟಿ ಬಸ್ ನಿಲ್ದಾಣದಿಂದ 201 ಹಿಡಿದರೆ ಚಾಮುಂಡಿ ಬೆಟ್ಟ. ಶಕ್ತಿ ಯೋಜನೆ ಇರೋದರಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ಆಧಾರ್ ತೋರಿಸಬೇಕು, ಎಸಿ ಬಸ್ಸಲ್ಲಿ ನಡೆಯಲ್ಲ. ನನ್ನ ಸಲಹೆ, ಮೆಟ್ಟಿಲು ಹತ್ತಬೇಡಿ, ಬಸ್ಸಲ್ಲಿ ಮೇಲೆ ಹೋಗಿ ಮೆಟ್ಟಿಲಲ್ಲಿ ಇಳಿಯಿರಿ. ಸಾವಿರ ಮೆಟ್ಟಿಲು ಅನ್ನುತ್ತಾರೆ, ದಾರಿಯಲ್ಲೇ ದೊಡ್ಡ ನಂದಿ ಸಿಗುತ್ತೆ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ ಹದಿನಾರು ಅಡಿ ಹತ್ತಿರ. ಕೊರಳಿನ ಗಂಟೆಸರವನ್ನು ಮಗಳು ಎಣಿಸೋಕೆ ಶುರು ಮಾಡಿ ಅರ್ಧಕ್ಕೇ ಬಿಟ್ಟಳು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಬೇಡಿ, ಕೋತಿಗಳಿವೆ. ಅಮ್ಮನಿಗೆ ಇಳಿಯೋದು ಆಗದ ಮಾತು, ಅವರೂ ನನ್ನ ಹೆಂಡತಿಯೂ ಬಸ್ಸಲ್ಲೇ ವಾಪಸ್. ಮನೆಯವರೆಲ್ಲ ಒಟ್ಟಿಗೆ ಹೋಗಿ ಎರಡು ಪಾಲಾಗೋದು ನನಗೆ ಯಾಕೋ ಇಷ್ಟ ಆಗಲಿಲ್ಲ. ಇಳಿದ ಮೇಲೆ ಮೀನಖಂಡ ಎರಡು ದಿನ ಹಿಡಿದುಕೊಂಡಿರುತ್ತೆ, ಅದು ಬೇರೆ.

ಇನ್ನು ಕುಕ್ಕರಹಳ್ಳಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ, ಪಕ್ಕದಲ್ಲೇ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ಕುವೆಂಪು ವಾಕಿಂಗ್ ಬರುತ್ತಿದ್ದದ್ದು ಇಲ್ಲಿಗೇ. ದಾರಿ ಸಮತಟ್ಟು. ಅಮ್ಮ ತಮಗೆ ಆಗುವಷ್ಟು ನಡೆದು ಬೆಂಚಲ್ಲಿ ಕೂತರು. ನಾವು ಸುತ್ತಿ ಬರೋದರೊಳಗೆ ಪಕ್ಕದಲ್ಲಿ ಕೂತಿದ್ದ ಮೈಸೂರಿನ ಅಜ್ಜಿಯೊಬ್ಬರ ಜೊತೆ ಅಮ್ಮನ ಮಾತು ಸೊಸೆಯಂದಿರ ವಿಷಯದವರೆಗೂ ಹೋಗಿತ್ತು. ಒಳಗೆ ನಮಗೆ ಏನೂ ಮಾರೋರು ಸಿಗಲಿಲ್ಲ. ಮಕ್ಕಳು ಏನನ್ನೂ ಕೇಳಲೂ ಇಲ್ಲ, ಯಾಕಂದರೆ ಹೆಜ್ಜಾರ್ಲೆಗಳಿದ್ದವು, ಅಂದರೆ ಪೆಲಿಕನ್ ಹಕ್ಕಿಗಳು. ಇಷ್ಟು ದೊಡ್ಡ ಹಕ್ಕಿ ನೀರಿಗೆ ಇಳಿಯೋದು ನೋಡಬೇಕು. ಕಾಲು ಮುಂದೆ ಚಾಚಿ, ನೀರನ್ನು ಗೀರಿಕೊಂಡು ಸ್ವಲ್ಪ ದೂರ ಜಾರಿ, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ರೆಕ್ಕೆ ಮಡಚಿ ತೇಲುತ್ತೆ. ಕೊಕ್ಕಿನ ಕೆಳಗಿನ ಚೀಲ ತುಂಬೋಕೆ ಎಷ್ಟು ಮೀನು ಬೇಕು ಅನ್ನೋ ಜಗಳ ಲಾಡ್ಜ್ ತನಕ ನಡೆಯಿತು.

ಕೊರತೆ ಇಲ್ಲ ಅಂತಲ್ಲ. ಕೆಲವು ಕಡೆ ನೀರು ವಾಸನೆ ಬರುತ್ತೆ. ಬಿಸಿಲು ಏರಿದ ಮೇಲೆ ಹೋಗಿ ಪ್ರಯೋಜನವಿಲ್ಲ, ಬೆಳಿಗ್ಗೆ ಆರೂವರೆಗೆಲ್ಲ ಅಲ್ಲಿರಬೇಕು. ನಾನು ಹೇಗೂ ಐದಕ್ಕೇ ಏಳೋನು, ರಜೆಯಲ್ಲೂ ಎಂಟರವರೆಗೆ ಮಲಗೋ ಮನೆಯವರಿಗೆ ಇದು ಕಷ್ಟ.

ಫಿಲೋಮಿನಾ ಚರ್ಚ್ ಅರ್ಧ ಗಂಟೆಗೆ ಸಾಕು, ಗೋಪುರ ನೋಡಿ ಕತ್ತು ನೋಯುತ್ತೆ. ದೇವರಾಜ ಮಾರ್ಕೆಟ್ ಒಳಗೆ ಹೋಗೋಕೆ ದುಡ್ಡಿಲ್ಲ ನಿಜ, ಆದರೆ ನನ್ನ ಹೆಂಡತಿ ಮಲ್ಲಿಗೆ ಮೊಳ ಹಾಕಿಸದೆ ಹೊರಗೆ ಬಂದವಳಲ್ಲ.

ಮಕ್ಕಳನ್ನು ಕೇಳಿದರೆ ಅರಮನೆಯೇ ಫಸ್ಟ್ ಅಂತಾರೆ, ಅವರ ಜೇಬಿಂದ ಏನು ಹೋಯಿತು. ಮುಂದಿನ ಸಲ ಭಾನುವಾರ ಮೈಸೂರಲ್ಲಿದ್ದರೆ ಬೆಳಿಗ್ಗೆ ಕೆರೆ, ಸಂಜೆ ದೀಪ, ಆದರೆ ಐವತ್ತೈವತ್ತು ರೂಪಾಯಿ ಮೊದಲೇ ಮಕ್ಕಳ ಕೈಗೆ ಕೊಟ್ಟು 'ಇಷ್ಟೇ, ಇದರಲ್ಲೇ ಏನಾದರೂ ತಗೊಳ್ಳಿ' ಅಂತ ಹೇಳಿ ಕರೆದುಕೊಂಡು ಹೋಗೋದು. ಬೆಟ್ಟಕ್ಕೆ ಅಮ್ಮನ ಜೊತೆ ಬಸ್ಸಲ್ಲೇ ಹೋಗಿ ಬಸ್ಸಲ್ಲೇ ಬರ್ತೀನಿ.