ಆನ್‌ಲೈನ್‌ನಲ್ಲಿ ತರಿಸಿದ ಪುಟಾಣಿ ಹೊಲಿಗೆ ಮಷಿನ್ ಮತ್ತು ನಮ್ಮಪ್ಪ

ನಮ್ಮಪ್ಪ ರಾಣೆಬೆನ್ನೂರಿನಲ್ಲಿ 35 ವರ್ಷ ದರ್ಜಿ. ಬೆಂಗಳೂರಿನ ನನ್ನ ಮನೆಗೆ ಬಂದಾಗಲೆಲ್ಲ, "ದರ್ಜಿ ಮಗನ ಮನ್ಯಾಗ ಒಂದು ಸೂಜಿ ಇಲ್ಲ" ಅಂತ ಬೈಯುತ್ತಾರೆ. ಈ ಸಲ ಅವರು ಬರುವ ಮುಂಚೆ ಒಂದು ಪುಟ್ಟ ಹೊಲಿಗೆ ಮಷಿನ್ ತರಿಸಿಬಿಟ್ಟೆ. ಬೆಲೆ 1,650 ರೂಪಾಯಿ. ಕಂಪನಿ ಹೆಸರು ಹೇಳುವುದಿಲ್ಲ, ಹೇಳಿದರೂ ಉಪಯೋಗವಿಲ್ಲ. ಬಿಳಿ ಮೈ, ನೇರಳೆ ಮೂತಿಯ ಇದೇ ಮಷಿನ್ನನ್ನು ಬೇರೆ ಬೇರೆ ಹೆಸರು ಅಂಟಿಸಿ ಮಾರುತ್ತಾರೆ.

ಡಬ್ಬದ ಮೇಲೆ ದೊಡ್ಡದಾಗಿ "ಡಬಲ್ ಥ್ರೆಡ್" ಅಂತ ಬರೆದಿದೆ. ಇದೇನೂ ಹೆಚ್ಚುಗಾರಿಕೆ ಅಲ್ಲ. ಮೇಲೊಂದು ದಾರ, ಕೆಳಗೆ ಬಾಬಿನ್ ಅನ್ನೋ ಪುಟ್ಟ ಉರುಳೆಯಲ್ಲೊಂದು ದಾರ, ಎರಡೂ ಬಟ್ಟೆಯ ನಡುವೆ ಗಂಟು ಬೀಳುವುದು. ಮನೆಯಲ್ಲಿ ತುಳಿಯುವ ಮಷಿನ್ ಮಾಡುವುದೂ ಅದನ್ನೇ. ಆದರೆ ಸ್ಟೇಪ್ಲರ್ ಥರ ಕೈಯಲ್ಲಿ ಹಿಡಿಯುವ ಅಗ್ಗದ್ದು ಬರುತ್ತಲ್ಲ, ಅದಕ್ಕೆ ಒಂದೇ ದಾರ. ತುದಿ ಹಿಡಿದು ಎಳೆದರೆ ಇಡೀ ಹೊಲಿಗೆ ಸರಸರ ಬಿಚ್ಚಿಕೊಳ್ಳುತ್ತದೆ. ಅದನ್ನು ಮಾತ್ರ ಯಾರೂ ತಗೋಬೇಡಿ.

ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಕೂತೆವು. ಮೊದಲ ಕೆಲಸ ದಿಂಬಿನ ಕವರ್. ಅಮ್ಮ ಒಂದು ಹಳೇ ಇಳಕಲ್ ಸೀರೆ ಕಳಿಸಿದ್ದಳು, ಸೆರಗಿಗೆ ಕತ್ತರಿ ಹಾಕಬಾರದು ಅಂತ ಷರತ್ತು. ಒಡಲಿನ ಹತ್ತಿ ಬಟ್ಟೆಯಲ್ಲಿ 17 ಇಂಚು ಅಗಲ, 27 ಇಂಚು ಉದ್ದದ ದಿಂಬಿಗೆ ಲೆಕ್ಕ ಹಾಕಿ ಕತ್ತರಿಸಿದೆ. ಮಷಿನ್ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೂ ಓಡುತ್ತದೆ, ಆದರೆ ಜೊತೆಗೆ ಬರುವ 6 ವೋಲ್ಟ್ ಅಡಾಪ್ಟರ್ ಹಾಕಿದರೆ ಓಟ ಒಂದೇ ಸಮ ಇರುತ್ತದೆ. ಪೆಡಲ್ ಒತ್ತಿದೆ. ಪಕ್ಕದ ಮನೆಯವರು ಚಟ್ನಿ ರುಬ್ಬುತ್ತಿದ್ದಾರೆ ಅಂದುಕೊಳ್ಳಬೇಕು, ಅಷ್ಟು ಸದ್ದು.

ಮೇಲೆ ನೋಡಿದರೆ ಹೊಲಿಗೆ ನೆಟ್ಟಗೆ ಮುದ್ದಾಗಿ ಬಂದಿತ್ತು. ತಿರುಗಿಸಿ ನೋಡಿದರೆ ಕೆಳಗೆ ಬರೀ ಕುಣಿಕೆ, ಕೂದಲು ಸಿಕ್ಕಾದ ಹಾಗೆ. ನಾನು ಬಾಬಿನ್ ಸರಿ ಇಲ್ಲ ಅಂತ ಅದನ್ನು ಮೂರು ಸಲ ಬಿಚ್ಚಿ ಹಾಕಿದೆ. ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತದೆ, "ಕೆಳಗ ಸಿಕ್ಕಾದ್ರ ಮ್ಯಾಲಿನ ದಾರ ನೋಡಬೇಕು" ಅಂದರು. ಹೌದು, ಮೇಲಿನ ದಾರ ಟೆನ್ಷನ್ ತಿರುಪಿನ ಎರಡು ತಟ್ಟೆಗಳ ನಡುವೆ ಕೂತೇ ಇರಲಿಲ್ಲ, ಸುಮ್ನೆ ಮೇಲೆ ಹಾದುಹೋಗಿತ್ತು. ಬಿಗಿತ ಇಲ್ಲದ ದಾರ ಕೆಳಗೆ ಇಳಿದು ಗುಪ್ಪೆಯಾಗುತ್ತಿತ್ತು. ಒಳಗೆ ಎಳೆದು ಕೂರಿಸಿ, ತಿರುಪು ಅರ್ಧ ಸುತ್ತು ಬಿಗಿ ಮಾಡಿದ ಮೇಲೆ ಎರಡೂ ಕಡೆ ಒಂದೇ ಹೊಲಿಗೆ. ಜೊತೆಗೆ ಕೊಟ್ಟ ಕೈಪಿಡಿಯಲ್ಲಿ ಈ ವಿಷಯ ಒಂದು ಸಾಲೂ ಇಲ್ಲ. ಇದ್ದ ಚಿತ್ರದಲ್ಲಿ ದಾರ ಯಾವುದು, ಬಾಣದ ಗುರುತು ಯಾವುದು ಅಂತ ಗೊತ್ತಾಗಲ್ಲ.

ಆಮೇಲೆ ಮಗಳಿಗೆ ತಲೆಗೂದಲಿನ ಸ್ಕ್ರಂಚಿ. ಬ್ಲೌಸ್ ಹೊಲಿದು ಮಿಕ್ಕ ಚೂರುಗಳಲ್ಲಿ 4 ಇಂಚು ಅಗಲ, 20 ಇಂಚು ಉದ್ದದ ಪಟ್ಟಿ, ಒಳಗೆ 7 ಇಂಚು ಎಲಾಸ್ಟಿಕ್. ಇಂಥ ಕೆಲಸಕ್ಕೆ ಮಷಿನ್ ಹೇಳಿ ಮಾಡಿಸಿದ ಹಾಗಿದೆ. ಮುಕ್ಕಾಲು ಗಂಟೆಯಲ್ಲಿ ಆರು ಆದವು. ಒಂದೇ ತಾಪತ್ರಯ, ರಿವರ್ಸ್ ಇಲ್ಲ, ಅಂದರೆ ಹಿಂದಕ್ಕೆ ಹೊಲಿಯಲು ಬರುವುದಿಲ್ಲ. ಕೊನೆಯಲ್ಲಿ ದಾರ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಬೇಕು. ಹೊಲಿಗೆಯ ಉದ್ದವೂ ಒಂದೇ, ಬದಲಾಯಿಸಲು ಬರುವುದಿಲ್ಲ. ಮೈ ತೂಕ ಕಮ್ಮಿ, ಹಾಗಾಗಿ ಹೊಲಿಯುತ್ತಾ ಹೊಲಿಯುತ್ತಾ ಮೇಜಿನ ಮೇಲೆ ತಾನೇ ನಡೆದು ಹೋಗುತ್ತದೆ. ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿದೆ, ನಿಂತಿತು.

ಊಟ ಆದಮೇಲೆ ದುರಾಸೆ ಬಂತು. ಹಳೇ ಜೀನ್ಸ್ ಕತ್ತರಿಸಿ ಸಂತೆ ಚೀಲ ಮಾಡೋಣ ಅಂತ ಹೊರಟೆ. ಸೂಜಿಯನ್ನೂ ಬದಲಾಯಿಸಿ 16ನೇ ನಂಬರ್ ಹಾಕಿದ್ದೆ. ಎರಡು ಪದರ ಹೇಗೋ ದಾಟಿತು. ಹಳೇ ಹೊಲಿಗೆ ಸೇರುವ ಕಡೆ ಬಟ್ಟೆ ದಪ್ಪಗಾಯಿತು ನೋಡಿ, ಮೋಟಾರ್ ಗುಂಯ್ ಅಂತ ನಿಂತೇಬಿಟ್ಟಿತು. ಪಕ್ಕದ ಚಕ್ರ ಕೈಯಲ್ಲಿ ತಿರುಗಿಸಿದೆ. ಟಕ್. ಸೂಜಿಯ ಅರ್ಧ ಜೀನ್ಸ್‌ನಲ್ಲಿ, ಅರ್ಧ ಮಷಿನ್‌ನಲ್ಲಿ.

ಅಪ್ಪ ಆಗ ಎದ್ದು ಬಂದರು. ಮಷಿನ್ನನ್ನು ಬೆಕ್ಕಿನ ಮರಿ ಎತ್ತಿದ ಹಾಗೆ ಒಂದೇ ಕೈಯಲ್ಲಿ ಎತ್ತಿ, ಹೊಟ್ಟೆ ನೋಡಿ, ಚಕ್ರ ತಿರುಗಿಸಿ, "ಇದು ಆಟಿಗಿ ಸಾಮಾನಲ್ಲ. ಆದ್ರ ಮಷಿನ್ನೂ ಅಲ್ಲ" ಅಂದರು. ಚೀಲದ ದಪ್ಪ ಜಾಗವನ್ನು ಕೈಸೂಜಿಯಲ್ಲಿ, ಒಂದು ಹೆಜ್ಜೆ ಹಿಂದೆ ಎರಡು ಹೆಜ್ಜೆ ಮುಂದೆ ಹಾಕುತ್ತಾ ಮುಗಿಸಿಕೊಟ್ಟರು. ಕನ್ನಡಕ ಹಣೆ ಮೇಲೇ ಇತ್ತು.

ಹಾಗಾದರೆ ತಗೋಬಹುದಾ? ಹತ್ತಿ ಬಟ್ಟೆ, ಎರಡು ಪದರ, ನೆಟ್ಟಗಿನ ಹೊಲಿಗೆ, ಇಷ್ಟೇ ಸಾಕು ಅಂದರೆ ತಗೊಳ್ಳಿ. ಕರ್ಟನ್ ಅಂಚು, ದಿಂಬಿನ ಕವರ್, ಮಕ್ಕಳ ಬಟ್ಟೆಯ ಬಿಟ್ಟ ಹೊಲಿಗೆ, ಎಲ್ಲ ಆಗುತ್ತದೆ. ರೇಷ್ಮೆ ಬೇಡ: ಒಂದು ಚೂರು ಇಟ್ಟು ನೋಡಿದೆ, ಬಟ್ಟೆ ತಳ್ಳುವ ಹಲ್ಲುಗಳು ಅದನ್ನು ಅಗಿದುಬಿಟ್ಟವು. ಕೌದಿಯ ಮಾತಂತೂ ಎತ್ತಲೇಬೇಡಿ, ಅಷ್ಟು ಪದರ ಬಟ್ಟೆ ಒತ್ತಿಹಿಡಿಯುವ ಫುಟ್‌ನ ಕೆಳಗೇ ನುಗ್ಗುವುದಿಲ್ಲ. ಬ್ಲೌಸ್ ಹೊಲಿಯುವ ಆಸೆ ಇದ್ದವರು ಇನ್ನಷ್ಟು ದುಡ್ಡು ಕೂಡಿಟ್ಟು ದೊಡ್ಡ ಮಷಿನ್ನೇ ತಗೋಬೇಕು. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಕೈಪಿಡಿ ಸರಿ ಇದ್ದಿದ್ದರೆ ಇನ್ನರ್ಧ ಸೇರಿಸುತ್ತಿದ್ದೆ.

ವಾಪಸ್ ಕಳಿಸಲು ಇನ್ನೂ ಎರಡು ದಿನ ಟೈಮ್ ಇದೆ ಅಂತ ಹೆಂಡತಿ ನೆನಪಿಸಿದಳು. ಯೋಚನೆ ಮಾಡಿದೆ. ಆದರೆ ಕಳಿಸುವ ಹಾಗಿಲ್ಲ. ಸಂಜೆ ನಾನು ಹಾಲು ತರಲು ಹೋಗಿದ್ದಾಗ ಅಪ್ಪ ಅದರ ಡಬ್ಬ ಬಿಡಿಸಿ, ಮೊಮ್ಮಗಳ ಲಂಗ ಬ್ಲೌಸಿನ ಅಳತೆಗೆ ರಟ್ಟು ಕತ್ತರಿಸಿಟ್ಟಿದ್ದಾರೆ.