ತಲಪಾಡಿ ದಾಟಿದ ಮೇಲೆ ಸಸ್ಯಾಹಾರ: ಕಾಸರಗೋಡಿನ ಹೋಟೆಲು, ಚಾ ಅಂಗಡಿ, ಬೇಕರಿಗಳ ವಿಮರ್ಶೆ

ತಲಪಾಡಿಯ ಗಡಿ ದಾಟಿದರೆ ಸಿಗುವ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಸಸ್ಯಾಹಾರಿಗೆ ಬೆಳಗ್ಗೆ ಸುಖ, ಮಧ್ಯಾಹ್ನ ಎಚ್ಚರ ಬೇಕು, ರಾತ್ರಿ ಸ್ವಲ್ಪ ಕಷ್ಟ. ಇದು ತಿಳಿಯದೆ ‘ಪ್ಯೂರ್ ವೆಜ್’ ಬೋರ್ಡಿಗಾಗಿ ಹೆದ್ದಾರಿಯುದ್ದಕ್ಕೂ ಕಣ್ಣು ಹಾಯಿಸುತ್ತಾ ಹೋಗುವವರು ಬೆಳಗಿನ ಒಳ್ಳೆಯ ತಿಂಡಿಯನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಹಸಿವು ತಡೆಯಲಾರದೆ ಮಧ್ಯಾಹ್ನ ಎರಡೂವರೆಗೆ ಯಾವುದೋ ಬಿರಿಯಾನಿ ಅಂಗಡಿಗೆ ನುಗ್ಗುತ್ತಾರೆ. ಇಲ್ಲಿ ಹೋಟೆಲು ಆರಿಸುವ ಮೊದಲು ಗಡಿಯಾರ ನೋಡಬೇಕು, ಬೋರ್ಡು ಆಮೇಲೆ.

ಜಿಲ್ಲೆಯನ್ನು ಊಟದ ಲೆಕ್ಕದಲ್ಲಿ ಎರಡು ಭಾಗ ಮಾಡಿಕೊಳ್ಳಬಹುದು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯದ ಕಡೆ ಕನ್ನಡ, ತುಳು, ಹವ್ಯಕ ಮನೆಮಾತಿನವರ ಸಣ್ಣ ಹೋಟೆಲುಗಳಿವೆ. ಬನ್ಸ್, ಗೋಳಿಬಜೆ, ನೀರುದೋಸೆ, ಕೊಟ್ಟಿಗೆ (ಎಲೆಯಲ್ಲಿ ಬೇಯಿಸಿದ ಕಡುಬು), ಸೇಮಿಗೆ (ಒತ್ತುಶಾವಿಗೆ), ಅವಲಕ್ಕಿ–ಸಜ್ಜಿಗೆ ಬೆಳಗ್ಗೆ ಬಿಸಿಬಿಸಿ ಸಿಗುತ್ತವೆ. ಕಾಸರಗೋಡು ಪೇಟೆ ದಾಟಿ ಉದುಮ, ಬೇಕಲ, ಕಾಞಂಗಾಡು, ನೀಲೇಶ್ವರ, ಚೆರುವತ್ತೂರಿನ ಕಡೆ ಹೋದಂತೆ ಮಲಯಾಳದ ಚಾ ಅಂಗಡಿ ಮತ್ತು ಮಲಬಾರಿನ ಅಡುಗೆ ಜಾಸ್ತಿ. ಅಲ್ಲಿ ಉಡುಪಿ ಮಾದರಿಯ ಹೋಟೆಲು ಪೇಟೆಗಳಲ್ಲಿ ಸಿಗುತ್ತದೆ, ನಡುವಿನ ದಾರಿಯಲ್ಲಿ ಅಪರೂಪ.

ಹೆದ್ದಾರಿ 66 ಆರು ಪಥವಾದ ಮೇಲೆ ಇನ್ನೊಂದು ತೊಡಕು ಸೇರಿಕೊಂಡಿದೆ. ಹಳೆಯ ಹೋಟೆಲುಗಳೆಲ್ಲ ಈಗ ಸರ್ವಿಸ್ ರಸ್ತೆಯ ಪಾಲಾಗಿವೆ. ಕಾಸರಗೋಡು ಪೇಟೆಯಲ್ಲಂತೂ ಮೇಲ್ಸೇತುವೆ ಹತ್ತಿದರೆ ಹೋಟೆಲು ಕಾಲ ಕೆಳಗೆ ದಾಟಿ ಹೋಗುತ್ತದೆ. ಊಟ ಎಲ್ಲಿ ಎಂದು ಮೊದಲೇ ನಿಶ್ಚಯಿಸಿ, ಪೇಟೆ ಬರುವ ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯಿರಿ.

ಬೆಳಗ್ಗೆ ಏಳರಿಂದ ಹತ್ತರವರೆಗೆ ಚಾ ಅಂಗಡಿಗೆ ಧೈರ್ಯವಾಗಿ ಹೋಗಿ. ಪುಟ್ಟು ಮತ್ತು ಕಡಲೆ ಕರಿ ಈ ಜಿಲ್ಲೆಯ ಅತ್ಯುತ್ತಮ ಸಸ್ಯಾಹಾರ ತಿಂಡಿ ಎಂದು ನನ್ನ ತೀರ್ಮಾನ. ಪುಟ್ಟಿನಲ್ಲಿ ಅಕ್ಕಿ ಹಿಟ್ಟು, ತೆಂಗಿನತುರಿ, ಉಪ್ಪು ಬಿಟ್ಟರೆ ಬೇರೇನಿಲ್ಲ. ಕಡಲೆ ಕರಿಗೆ ಕರಿಕಡಲೆ, ಹುರಿದು ಅರೆದ ತೆಂಗಿನಕಾಯಿ, ಕೊತ್ತಂಬರಿ, ಮೆಣಸು. ತಪ್ಪುವುದು ಸೌಟಿನಲ್ಲಿ. ಪಕ್ಕದಲ್ಲೇ ಮೊಟ್ಟೆ ಕರಿಯ ಪಾತ್ರೆ ಇರುತ್ತದೆ, ನೂಕುನುಗ್ಗಲಿನ ಹೊತ್ತಿನಲ್ಲಿ ಒಂದೇ ಸೌಟು ಎರಡಕ್ಕೂ ಇಳಿಯುತ್ತದೆ. ಮೊಟ್ಟೆಯೂ ಆಗದವರು ಪುಟ್ಟಿನ ಜೊತೆ ಬಾಳೆಹಣ್ಣು, ಸಕ್ಕರೆ ಕೇಳಿ. ಅದೂ ಇಲ್ಲಿನ ವಾಡಿಕೆಯೇ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ನೂಲ್‌ಪುಟ್ಟು ನಮ್ಮ ಸೇಮಿಗೆಯೇ, ಅದಕ್ಕೂ ಇದೇ ಮಾತು. ಹಾಲು, ಮೊಸರು ಬಿಟ್ಟವರಿಗೂ ಇದೇ ಒಳ್ಳೆಯ ಹೊತ್ತು. ಪುಟ್ಟು–ಕಡಲೆ ಜೊತೆ ಕಟ್ಟನ್ ಚಾಯ, ಅಂದರೆ ಹಾಲು ಹಾಕದ ಚಾ, ಅಥವಾ ನಿಂಬೆ ಹಿಂಡಿದ ಸುಲೈಮಾನಿ ತೆಗೆದುಕೊಂಡರೆ ಹಾಲಿನ ಪ್ರಶ್ನೆಯೇ ಬರುವುದಿಲ್ಲ.

ಪರೋಟ ಮಾತ್ರ ಕೇಳದೆ ತಿನ್ನಬೇಡಿ. ಮೈದಾ ಹಿಟ್ಟು ಮೆದುವಾಗಲೆಂದು ಮೊಟ್ಟೆ ಒಡೆದು ಹಾಕಿ ನಾದುವ ಅಡುಗೆಯವರು ಕೇರಳದಲ್ಲಿ ಬಹಳ. ಹಾಕದವರೂ ಇದ್ದಾರೆ, ಆದರೆ ಕಾವಲಿ ಒಂದೇ ಆಗಿರುವುದರಿಂದ ಆಮ್ಲೆಟ್ ಹುಯ್ದ ಜಾಗದಲ್ಲೇ ಪರೋಟ ಬೇಯುತ್ತದೆ. ಕಾವಲಿಯ ಪಕ್ಕ ಮೊಟ್ಟೆಯ ಟ್ರೇ ಇದೆಯೇ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗಾಜಿನ ಪೆಟ್ಟಿಗೆಯ ತಿಂಡಿಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಹೊರಗಿನವರು ಹೆಚ್ಚು ಮೋಸ ಹೋಗುವುದು ಇಲ್ಲೇ. ಪಳಂಪೊರಿ ಎಂದರೆ ನೇಂದ್ರ ಬಾಳೆಹಣ್ಣಿನ ಪೋಡಿ. ಸುಗಿಯನ್ ಎಂದರೆ ನಮ್ಮ ಸುಕ್ಕಿನುಂಡೆಯಂತೆ ಹೆಸರುಕಾಳು, ಬೆಲ್ಲ, ಕಾಯಿತುರಿ ತುಂಬಿದ್ದು. ಇವೆರಡರ ಒಳಗೆ ಚಿಂತೆಯಿಲ್ಲ. ಅವುಗಳ ಪಕ್ಕದಲ್ಲಿ ಕೆಂಪು ಮಸಾಲೆ ಮೆತ್ತಿ ಕರಿದ, ಬೆರಳುದ್ದದ, ಎರಡೂ ತುದಿ ಚೂಪಾದ, ನಡುವೆ ಬಿಳಿ ಅಕ್ಕಿ ಹಿಟ್ಟು ಇಣುಕುವ ಒಂದು ತಿಂಡಿ ಇರುತ್ತದೆ. ಅಕ್ಕಿ ಕಡುಬನ್ನು ಹುರಿದಿದ್ದಾರೆ ಎಂದುಕೊಂಡು ಕೈ ಹಾಕುವವರೇ ಹೆಚ್ಚು. ಅದು ಅರಿಕಡುಕ್ಕ. ಕಲ್ಲುಮ್ಮಕ್ಕಾಯ ಎಂಬ ಚಿಪ್ಪುಜೀವಿಯ ಚಿಪ್ಪಿನೊಳಗೆ, ಮಾಂಸದ ಮೇಲೆಯೇ ಅಕ್ಕಿ–ತೆಂಗಿನಕಾಯಿ ಅರೆದದ್ದನ್ನು ತುಂಬಿ, ಆವಿಯಲ್ಲಿ ಬೇಯಿಸಿ, ಚಿಪ್ಪು ಬಿಡಿಸಿ, ಮಸಾಲೆ ಹಚ್ಚಿ ಕರಿಯುತ್ತಾರೆ. ಪಡನ್ನ, ಚೆರುವತ್ತೂರಿನ ಹಿನ್ನೀರಿನಲ್ಲಿ ಈ ಕಲ್ಲುಮ್ಮಕ್ಕಾಯ ಕೃಷಿಯೇ ನಡೆಯುವುದರಿಂದ ಜಿಲ್ಲೆಯ ತೆಂಕಣ ಭಾಗದಲ್ಲಿ ಇದು ಎಲ್ಲೆಲ್ಲೂ ಇದೆ. ಇದನ್ನು ಕರಿದ ಎಣ್ಣೆಯಲ್ಲೇ ಪಳಂಪೊರಿಯನ್ನೂ ಕರಿದಿದ್ದರೆ ಹೇಗೆ? ಪೆಟ್ಟಿಗೆಯಲ್ಲಿ ಅರಿಕಡುಕ್ಕವೋ ಮೊಟ್ಟೆ ಬಜ್ಜಿಯೋ ಕಂಡರೆ ಅಲ್ಲಿನ ಪಳಂಪೊರಿಯನ್ನೂ ಬಿಟ್ಟು, ಬಾಳೆಹಣ್ಣು ಮಾತ್ರ ಕರಿಯುವ ಅಂಗಡಿ ಹುಡುಕಿ. ಉನ್ನಕ್ಕಾಯ ಎಂಬ ಸಿಹಿಗೂ ಒಂದು ಪ್ರಶ್ನೆ ಬೇಕು: ಬೇಯಿಸಿದ ನೇಂದ್ರದ ಒಳಗೆ ಕಾಯಿತುರಿ, ಸಕ್ಕರೆ, ಗೋಡಂಬಿ ತುಂಬುತ್ತಾರೆ, ಕೆಲವರು ಅದರಲ್ಲಿ ಮೊಟ್ಟೆಯನ್ನೂ ಹುರಿದು ಸೇರಿಸುತ್ತಾರೆ.

ಮಧ್ಯಾಹ್ನದ ಊಟಕ್ಕೆ ಬಂದರೆ, ಕೇರಳದ ‘ಊಣ್’ ಮೂಲದಲ್ಲಿ ಸಸ್ಯಾಹಾರವೇ. ಅನ್ನ, ಸಾಂಬಾರು, ತೋರನ್ ಎಂಬ ಕಾಯಿತುರಿಯ ಪಲ್ಯ, ಪುಳಿಶ್ಶೇರಿ (ಮಜ್ಜಿಗೆಹುಳಿ) ಅಥವಾ ಮಜ್ಜಿಗೆ, ಹಪ್ಪಳ, ಉಪ್ಪಿನಕಾಯಿ. ಮೀನು ಹುರಿದದ್ದು, ಕೋಳಿ ಇವೆಲ್ಲ ‘ಸ್ಪೆಷಲ್’, ಬೇರೆ ದುಡ್ಡು. ಆದರೆ ಮೀನಿನ ಸಾರು, ಅವರ ಮಾತಿನಲ್ಲಿ ಮೀನ್ ಚಾರ್, ಸ್ಪೆಷಲ್ ಅಲ್ಲ. ಊಟದ ಜೊತೆ ಉಚಿತ. ನಾಲ್ಕು ಡಬ್ಬಿಗಳ ಹಿಡಿಕೆ ಹಿಡಿದು ಬರುವ ಬಡಿಸುವವರು ಕೇಳದೆಯೇ ಅನ್ನದ ಮೇಲೆ ಸುರಿಯುತ್ತಾರೆ. ಅದು ಅವರ ಉದಾರತನ, ನಮಗೆ ಊಟ ಹೋಯಿತು.

ಆದ್ದರಿಂದ ಎಲೆ ಹಾಕುವ ಮೊದಲೇ ಹೇಳಬೇಕು. ಮಲಯಾಳದಲ್ಲಿ “ಚೇಟ್ಟಾ, ಮೀನ್ ಚಾರ್ ವೇಂಡ, ಪಚ್ಚಕ್ಕರಿ ಮಾತ್ರಂ” (ಅಣ್ಣಾ, ಮೀನಿನ ಸಾರು ಬೇಡ, ತರಕಾರಿ ಮಾತ್ರ) ಎಂದರೆ ಸಾಕು. ಕುಂಬಳೆ, ಮಂಜೇಶ್ವರದ ಕಡೆ ತುಳುವಿನಲ್ಲಿ “ಮೀನ್ ಬೊಡ್ಚಿ” (ಮೀನು ಬೇಡ) ಎಂದರೂ ನಡೆಯುತ್ತದೆ, ಕನ್ನಡವಂತೂ ಗೊತ್ತೇ ಇರುತ್ತದೆ. ಒಮ್ಮೆ ಹೇಳಿ ಸುಮ್ಮನಾಗಬೇಡಿ. ಎರಡನೆಯ ಸಲ ಅನ್ನ ಹಾಕಿಸಿಕೊಂಡಾಗ ಬರುವವರು ಬೇರೆಯವರಾಗಿರುತ್ತಾರೆ, ಅನಾಹುತ ಆಗುವುದು ಹೆಚ್ಚಾಗಿ ಆಗಲೇ. ಡಬ್ಬಿಯ ಹಿಡಿಕೆಯಲ್ಲಿ ಸೌಟು ಅದಲುಬದಲಾಗುವುದೂ ಉಂಟು. ಸಾಂಬಾರನ್ನು ಬೇರೆ ಬಟ್ಟಲಿನಲ್ಲಿ ಒಳಗಿನಿಂದಲೇ ತಂದುಕೊಡಿ ಎಂದು ಕೇಳಿ. ಜನ ಕಡಿಮೆ ಇರುವ ಹನ್ನೆರಡು ಕಾಲಿಗೆ ಹೋದರೆ ಖುಷಿಯಿಂದ ತಂದುಕೊಡುತ್ತಾರೆ, ಒಂದೂವರೆಗೆ ಯಾರಿಗೂ ಪುರುಸೊತ್ತಿಲ್ಲ.

ಚಟ್ನಿಯನ್ನೂ ಕೇಳಿಯೇ ಮುಟ್ಟಿ. ಗಂಜಿಯ ಜೊತೆ ಕೊಡುವ ಕೆಂಪು ಒಣ ಚಟ್ನಿಯಲ್ಲಿ ಹುರಿದು ಪುಡಿ ಮಾಡಿದ ಒಣ ಸಿಗಡಿ ಇರಬಹುದು. ನೋಟಕ್ಕೆ ಕಾಯಿ ಚಟ್ನಿಪುಡಿಯೇ. “ಇದಿಲ್ ಚೆಮ್ಮೀನ್ ಉಂಡೋ?” (ಇದರಲ್ಲಿ ಸಿಗಡಿ ಇದೆಯಾ?) ಎಂದು ಕೇಳಿ. ಮಾವಿನಕಾಯಿ, ನುಗ್ಗೆ, ಹಲಸಿನ ಬೀಜದ ಪದಾರ್ಥಗಳಿಗೂ ಒಣ ಸಿಗಡಿ ಹಾಕುವ ರೂಢಿ ಇದೆ. ‘ಮೀನು ಇದೆಯಾ’ ಎಂದಷ್ಟೇ ಕೇಳಿದರೆ ಸಿಗಡಿಯ ಮಾತು ಬರುವುದಿಲ್ಲ, ಎರಡನ್ನೂ ಹೆಸರು ಹಿಡಿದು ಕೇಳಿ.

ಕುಚ್ಚಲಕ್ಕಿ ಒಗ್ಗದ ಬಯಲುಸೀಮೆಯವರು ‘ಪಚ್ಚರಿ ಚೋರ್’ ಕೇಳಿದರೆ ಬೆಳ್ತಿಗೆ ಅನ್ನ ಇದ್ದರೆ ಕೊಡುತ್ತಾರೆ. ಲೋಟದಲ್ಲಿ ಬರುವ ಗುಲಾಬಿ ಬಣ್ಣದ ಬಿಸಿನೀರು ಪತಿಮುಗಂ ಚೆಕ್ಕೆ ಹಾಕಿ ಕುದಿಸಿದ್ದು, ನಿಶ್ಚಿಂತೆಯಿಂದ ಕುಡಿಯಿರಿ.

ಕುಟುಂಬಶ್ರೀ ಎಂಬ ಕೇರಳದ ಮಹಿಳಾ ಸ್ವಸಹಾಯ ಸಂಘಟನೆಯ ಹೆಂಗಸರು ನಡೆಸುವ ಜನಕೀಯ (ಜನರ) ಹೋಟೆಲುಗಳನ್ನು ದಾರಿಹೋಕರು ಗಮನಿಸುವುದೇ ಇಲ್ಲ, ಅದು ಅನ್ಯಾಯ. 2020ರಲ್ಲಿ 20 ರೂಪಾಯಿಗೆ ಊಟ ಎಂದು ಶುರುವಾದವು. 2023ರಲ್ಲಿ ಸರ್ಕಾರದ ಸಬ್ಸಿಡಿ ನಿಂತ ಮೇಲೆ ದರ 30ಕ್ಕೆ ಏರಿತು. ಈಗಲೂ ಆ ದುಡ್ಡಿಗೆ ಅಷ್ಟು ಮನೆಯೂಟ ಬೇರೆಲ್ಲೂ ಸಿಗದು. ಅಡುಗೆ ಮಾಡಿದವರೇ ಬಡಿಸುವುದರಿಂದ ‘ಇದರಲ್ಲಿ ಏನಿದೆ’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗುತ್ತದೆ. ದೊಡ್ಡ ಹೋಟೆಲಿನಲ್ಲಿ ಬಡಿಸುವ ಹುಡುಗ ಹೊರರಾಜ್ಯದವನಾಗಿದ್ದು, ಅಡುಗೆಮನೆಯಲ್ಲಿ ಏನು ನಡೆದಿದೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಜನಕೀಯ ಹೋಟೆಲಿನಲ್ಲೂ ಮೀನಿನ ಸಾರು ಇರುತ್ತದೆ, ಬೇಡ ಎಂದರೆ ಕೈ ತಡೆಯುತ್ತಾರೆ. ಎರಡು ಗಂಟೆಯೊಳಗೆ ಹೋಗಬೇಕು, ಅನ್ನ ತೀರಿದರೆ ಮುಗಿಯಿತು.

ಬಿರಿಯಾನಿ ಅಂಗಡಿಯ ‘ವೆಜ್ ಬಿರಿಯಾನಿ’ಯನ್ನು ನಾನು ಶಿಫಾರಸು ಮಾಡುವುದಿಲ್ಲ. ‘ಬಿರಿಯಾನಿ ಚೋರ್’ ಎಂದು ಸಿಗುವುದು ಮಾಂಸದ ಜೊತೆ ದಮ್ ಕೊಟ್ಟ ಅನ್ನವೇ, ತುಂಡು ತೆಗೆದಿಟ್ಟರೆ ಅದು ಸಸ್ಯಾಹಾರ ಆಗುವುದಿಲ್ಲ. ನೈಚೋರ್, ಅಂದರೆ ತುಪ್ಪದನ್ನ, ಬೇರೆ ಪಾತ್ರೆಯಲ್ಲಿ ಆಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ನೈಚೋರ್ ಜೊತೆ ಮೊಸರು ಪಚ್ಚಡಿ, ಉಪ್ಪಿನಕಾಯಿ ಕೇಳಿ. ಮೇಲೆ ಗ್ರೇವಿ ಹಾಕಬೇಡಿ ಎಂದು ಹೇಳಿ, ಇಲ್ಲದಿದ್ದರೆ ಅಭ್ಯಾಸದಿಂದ ಒಂದು ಸೌಟು ಬೀಳುತ್ತದೆ.

ಓಣಂ ದಿನಗಳಲ್ಲಿ ಬರುವವರು ‘ಸದ್ಯ’ ಎಂಬ ಬಾಳೆಎಲೆಯ ಹಬ್ಬದೂಟ ಎಂದರೆ ಶುದ್ಧ ಸಸ್ಯಾಹಾರ ಎಂದು ನಂಬಿ ಬರುತ್ತಾರೆ. ತೆಂಕಣ ಕೇರಳದ ಮಟ್ಟಿಗೆ ಅದು ಸರಿ. ಉತ್ತರ ಮಲಬಾರಿನಲ್ಲಿ ಓಣಂ, ವಿಷು ಸದ್ಯಕ್ಕೂ ಮೀನು, ಕೋಳಿ ಬಡಿಸುವ ಪದ್ಧತಿ ಬಹಳ ಕಡೆ ಇದೆ. ಮುಂಗಡ ಕೊಡುವಾಗಲೇ ವಿಚಾರಿಸಿಕೊಳ್ಳಿ.

ದೇವಸ್ಥಾನ, ಆಶ್ರಮಗಳ ಊಟದ ರುಚಿಗೆ ಅಂಕ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮಧೂರಿನಲ್ಲಿ ಗಣಪತಿಯ ಅಪ್ಪ ಪ್ರಸಾದ ಪಡೆಯದೆ ಬರಬೇಡಿ ಎಂದಷ್ಟೇ ಹೇಳುತ್ತೇನೆ. ಕಾಞಂಗಾಡಿನ ಆನಂದಾಶ್ರಮ 1931ರಿಂದ ಇದೆ. ಅಲ್ಲಿ ಉಳಿಯುವವರಿಗೆ ಸರಳವಾದ ಸಸ್ಯಾಹಾರ ಊಟವಿದೆ, ಮೊದಲೇ ತಿಳಿಸಿ ಹೋಗುವುದು ಮರ್ಯಾದೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ಹೋಟೆಲುಗಳಲ್ಲಿ ಉಳಿಯುವ ದಾರಿ ಇಡ್ಲಿ, ನೀರುದೋಸೆಗೆ ಬೆಲ್ಲ–ಕಾಯಿ, ಮೊಸರನ್ನ. ಸಾಂಬಾರನ್ನು ಉಡುಪಿ ಹೋಟೆಲಿನಲ್ಲೂ ಕೇಳಿಯೇ ಹಾಕಿಸಿಕೊಳ್ಳಬೇಕು.

ಬೇಕರಿಯಲ್ಲಿ ಕೇಕು, ಪಫ್ಸ್ ಎಲ್ಲಕ್ಕೂ ಮೊಟ್ಟೆಯ ಅನುಮಾನ ಇಟ್ಟುಕೊಳ್ಳಿ. ತರಕಾರಿ ಪಫ್ಸಿನ ಮೇಲಿನ ಹೊಳಪು ಕೂಡ ಮೊಟ್ಟೆ ಸವರಿದ್ದಿರಬಹುದು. ಪೊಟ್ಟಣದ ತಿಂಡಿಯಾದರೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಸಸ್ಯಾಹಾರ, ಕಂದು ಚೌಕದೊಳಗೆ ಕಂದು ತ್ರಿಕೋನ ಮಾಂಸಾಹಾರ. ಮೊಟ್ಟೆ ಇದ್ದರೂ ಕಂದು ಗುರುತೇ ಹಾಕಬೇಕು ಎಂಬುದು ನಿಯಮ. ಕೇರಳದಲ್ಲಿ ನಿಷೇಧ ಬಂದ ಮೇಲೆ ಸ್ಯಾಂಡ್‌ವಿಚ್‌ನ ಮೇಯನೇಸ್‌ನಲ್ಲಿ ಮೊಟ್ಟೆಯೇ ಇರುವುದಿಲ್ಲ ಎಂಬ ತಪ್ಪು ತಿಳುವಳಿಕೆ ಇದೆ. 2023ರ ಜನವರಿಯಲ್ಲಿ ಕೇರಳ ನಿಷೇಧಿಸಿದ್ದು ಹಸಿ ಮೊಟ್ಟೆಯ ಮೇಯನೇಸನ್ನು ಮಾತ್ರ, ಪಾಶ್ಚರೀಕರಿಸಿದ ಮೊಟ್ಟೆಯದಕ್ಕೆ ಅಡ್ಡಿಯಿಲ್ಲ. ಮನೆಗೆ ಒಯ್ಯಲು ತೆಂಗಿನೆಣ್ಣೆಯಲ್ಲಿ ಕರಿದ ನೇಂದ್ರ ಚಿಪ್ಸ್, ಬೆಲ್ಲ–ಶುಂಠಿಪುಡಿಯ ಶರ್ಕರವರಟ್ಟಿ ಧಾರಾಳವಾಗಿ ಕೊಳ್ಳಿ. ಎದುರಿಗೇ ಕರಿಯುವ ಅಂಗಡಿಯಾದರೆ ಇನ್ನೂ ಒಳ್ಳೆಯದು, ಬಾಣಲೆಯಲ್ಲಿ ಏನಿದೆ ಎಂದು ಕಣ್ಣಿಗೇ ಕಾಣುತ್ತದೆ.

ಫೋನಿನ ಮ್ಯಾಪಿನಲ್ಲಿ ಸಸ್ಯಾಹಾರಿ ಹೋಟೆಲು ಎಂದು ಹುಡುಕಿದಾಗ ಬರುವ ಪಟ್ಟಿಯನ್ನು ಹಾಗೆಯೇ ನಂಬಬೇಡಿ. ಮೆನುವಿನಲ್ಲಿ ಒಂದು ಗೋಬಿ ಇದ್ದರೂ ‘ಸಸ್ಯಾಹಾರ ಲಭ್ಯ’ ಎಂಬ ಗುರುತು ಬೀಳಬಹುದು. ಫೋಟೋಗಳಲ್ಲಿ ಮೆನು ಕಾರ್ಡ್ ಹುಡುಕಿ. ಆಮೇಲೆ ಗಿರಾಕಿಗಳ ಅಭಿಪ್ರಾಯಗಳ ಒಳಗೆ ‘ಫಿಶ್’, ‘ಆಮ್ಲೆಟ್’ ಎಂದು ಹುಡುಕಿ ನೋಡಿ. ಹೊರಡುವ ಮೊದಲು ಒಂದು ಫೋನ್ ಮಾಡಿ, ಮೀನು ಇದೆಯೇ, ಮೊಟ್ಟೆ ಇದೆಯೇ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತೀರಿ ಎಂದು ಕೇಳಿ. ಮೂರನೆಯ ಪ್ರಶ್ನೆಯೇ ಮುಖ್ಯ. ಸಣ್ಣ ಪೇಟೆಯ ಸಸ್ಯಾಹಾರಿ ಹೋಟೆಲುಗಳು ರಾತ್ರಿ ಎಂಟರ ಹೊತ್ತಿಗೆ ಬಾಗಿಲು ಎಳೆಯುತ್ತವೆ, ಭಾನುವಾರ ಮಧ್ಯಾಹ್ನವೇ ಮುಚ್ಚುವುದೂ ಇದೆ. ಹರತಾಳದ (ಬಂದ್) ದಿನವಾದರೆ ಯಾವುದನ್ನೂ ನೆಚ್ಚಬೇಡಿ.

ರಾತ್ರಿ ಹೆದ್ದಾರಿಯಲ್ಲಿ ಬೆಳಗುವುದು ಅಲ್‌ಫಹಂ, ಮಂದಿ, ಶವರ್ಮ ಎಂಬ ಅರಬ್ಬಿ ಮಾಂಸದಡುಗೆಗಳ ಅಂಗಡಿ ದೀಪಗಳು. ಅಲ್ಲಿನ ಗೋಬಿ ಮಂಚೂರಿ ಕೋಳಿ ಕಬಾಬಿನ ಎಣ್ಣೆಯಲ್ಲೇ ಈಜಿ ಬಂದಿರುವ ಸಾಧ್ಯತೆ ಹೆಚ್ಚು. ಫ್ರೈಡ್ ರೈಸಿಗೆ ಬೇಡ ಎನ್ನದಿದ್ದರೆ ಮೊಟ್ಟೆ ಬೀಳುತ್ತದೆ. ಬೇಕಲದಲ್ಲಿ ಸೂರ್ಯಾಸ್ತ ನೋಡಿ ಹೊರಡುವವರು ಕೋಟೆಯ ಹತ್ತಿರ ಕಾಯದೆ ಏಳೂವರೆಯೊಳಗೆ ಕಾಞಂಗಾಡು ಅಥವಾ ಕಾಸರಗೋಡು ಪೇಟೆ ಸೇರಿಕೊಳ್ಳಿ. ಇಲ್ಲವೇ ಸಂಜೆಯೇ ಹತ್ತು ಇಡ್ಲಿ, ಚಟ್ನಿಪುಡಿ ಕಟ್ಟಿಸಿಕೊಂಡಿರಿ. ಸಾಂಬಾರು, ಕಾಯಿಚಟ್ನಿ ಕಟ್ಟಿಸಬೇಡಿ, ಕರಾವಳಿಯ ಸೆಕೆಗೆ ಮೂರು ಗಂಟೆಯಲ್ಲಿ ಹಳಸುತ್ತದೆ.

ಕಾಸರಗೋಡಿನಿಂದ ವಂದೇ ಭಾರತ್ ಹತ್ತಿ ತೆಂಕಕ್ಕೆ ಹೋಗುವವರು ಟಿಕೆಟ್ ಮಾಡುವಾಗಲೇ ಸಸ್ಯಾಹಾರ ಎಂದು ಗುರುತು ಹಾಕಬೇಕು. ‘ಊಟ ಬೇಡ’ ಎಂದು ಒತ್ತಿಬಿಟ್ಟು ಬೋಗಿಯಲ್ಲಿ ಕೇಳಿದರೆ, ಉಳಿದಿದ್ದರೆ ಮಾತ್ರ ಸಿಗುತ್ತದೆ. ಬೇರೆ ರೈಲುಗಳಲ್ಲಿ ಐಆರ್‌ಸಿಟಿಸಿ ಇ–ಕೇಟರಿಂಗ್ ಆ್ಯಪಿನಲ್ಲಿ ಪಿಎನ್‌ಆರ್ ಹಾಕಿ, ಮುಂದಿನ ಯಾವ ನಿಲ್ದಾಣದಲ್ಲಿ ಸಸ್ಯಾಹಾರಿ ಹೋಟೆಲು ಇದೆ ಎಂದು ನೋಡಿ ತರಿಸಿಕೊಳ್ಳಬಹುದು. ಆ್ಯಪ್ ಬೇಡವಾದರೆ 1323ಕ್ಕೆ ಫೋನ್ ಮಾಡಿದರೂ ಆಗುತ್ತದೆ.