ತೋಟದ ಕಣಕ್ಕೆ ಹಾಕಿಸಿದ ಮುಖ ಗುರುತಿಸುವ ಕ್ಯಾಮೆರಾ: ಒಂದು ವರ್ಷದ ಅನುಭವ

ಕರಿಮೆಣಸು ಕಳವಾದ ಮೇಲೆ ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದ ಕಣಕ್ಕೆ ಈ ಕ್ಯಾಮೆರಾ ಹಾಕಿಸಿದೆ. ರಾತ್ರಿಯ ಚಿತ್ರ ಸ್ಪಷ್ಟವಾಗಿದೆ. ನನ್ನ ಆಕ್ಷೇಪವಿರುವುದು ಅದರ ತೀರ್ಪಿನ ಬಗ್ಗೆ. ಇಪ್ಪತ್ತು ವರ್ಷಗಳಿಂದ ನಮ್ಮ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ ಮಹಿಳೆಯೊಬ್ಬರ ಮುಖ ದಾಖಲಾಗಿದ್ದರೂ, ಕಳೆದ ಮಳೆಗಾಲದಲ್ಲಿ ಅದು ಅವರನ್ನು ಶಂಕಿತರೆಂದು ಮೊಬೈಲಿಗೆ ತಿಳಿಸಿತು. ಅದನ್ನೇ ನಂಬಿದ ಕಾವಲುಗಾರ ಎಲ್ಲರೆದುರು ಅವರನ್ನು ತಡೆದು ಚೀಲ ಸುರಿಸಿ ನೋಡಿದ. ಚೀಲದಲ್ಲಿದ್ದದ್ದು ಕಣಿಲೆ (ಎಳೆ ಬಿದಿರು). ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಂಪನಿಯಿಂದ ಬಂದದ್ದು, ಎಷ್ಟು ಹೋಲಿದರೆ ಅದೇ ಮುಖವೆಂದು ಎಣಿಸಬೇಕೆಂಬ ಮಿತಿಯನ್ನು ಬದಲಿಸಿಕೊಳ್ಳಿ ಎಂಬ ಉತ್ತರವಷ್ಟೇ.

2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಮುಖ ನೋಡಿ ಲಿಂಗ ಹೇಳುವ ಮೂರು ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಬಿಳಿ ಚರ್ಮದ ಗಂಡಸರ ವಿಷಯದಲ್ಲಿ ತಪ್ಪು ಶೇ. 0.8ನ್ನು ಮೀರಲಿಲ್ಲ, ಕಪ್ಪು ಚರ್ಮದ ಹೆಂಗಸರ ವಿಷಯದಲ್ಲಿ ಅದು ಶೇ. 34.7ರವರೆಗೆ ಏರಿತ್ತು. ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸರು 2020ರಲ್ಲಿ ಯಂತ್ರದ ತಪ್ಪು ಹೋಲಿಕೆಯನ್ನು ನೆಚ್ಚಿ ನಿರಪರಾಧಿಯೊಬ್ಬರನ್ನು ಬಂಧಿಸಿದ್ದರು. ತೋಟದಲ್ಲಾದರೆ ನಾನು ಕ್ಷಮೆ ಕೇಳಬಲ್ಲೆ. ಠಾಣೆಯಲ್ಲಿ ಇಂಥ ತಪ್ಪಿಗೆ ಹೊಣೆ ಯಾರು? ಎಚ್ಚರಿಕೆಯನ್ನು ನೇರವಾಗಿ ಪೊಲೀಸರಿಗೇ ಕಳಿಸುವ ಸೌಲಭ್ಯವನ್ನೂ ಈ ಕಂಪನಿ ಮಾರುತ್ತಿದೆ. ಅದನ್ನು ನಿರಾಕರಿಸಿದ್ದೇನೆ, ಮುಖ ಗುರುತಿಸುವುದನ್ನೂ ನಿಲ್ಲಿಸಿ, ಬರೀ ಕ್ಯಾಮೆರಾವನ್ನಷ್ಟೇ ಉಳಿಸಿಕೊಂಡಿದ್ದೇನೆ. ಐದಕ್ಕೆ ಎರಡು ಅಂಕ.